ಕಾರವಾರದಲ್ಲಿ ಎಫ್‌ಎಆರ್ ಏರಿಸಿದರೆ ಮನೆ ಅಗ್ಗ ಆಗ್ತದಾ? ಕರಾವಳಿಯವರು, ಘಟ್ಟದ ಮೇಲಿನವರು ಇಬ್ಬರೂ ಹೇಳಿ

ಕಾಳಿದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸದಾಶಿವಗಡದ ಕಡೆಯವ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ನಗರ ನೀತಿ ಸಂಶೋಧನೆಯ ಕೆಲಸ. "ನೀ ಅಲ್ಲಿ ಮಾಡೂದು ಎಂತದು?" ಅಂತ ಅವ್ವ ಕೇಳಿದಾಗ "ಮನೆ ಕಟ್ಟೂ ಕಾನೂನು ಓದ್ತೆ" ಅಂದೆ. "ಹಂಗಾರೆ ಮೊದ್ಲು ನಮ್ಮ ಹಿತ್ಲ ಗಡಿ ತಕರಾರು ಮುಗ್ಸು" ಅಂದಳು. ಅದು ನನ್ನ ಕೈಯಲ್ಲಿಲ್ಲ.

ಕೆಲಸ ಏನೆಂದರೆ, ಯಾವ ನಿಯಮದಿಂದ ಮನೆ ದುಬಾರಿ ಆಗುತ್ತಿದೆ ಎಂದು ಹುಡುಕುವುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಆಯಾ ಪಟ್ಟಣದ ಯೋಜನಾ ಪ್ರಾಧಿಕಾರ ಮಾಸ್ಟರ್ ಪ್ಲಾನ್ ಮಾಡುತ್ತದೆ. ನಕ್ಷೆಯಲ್ಲಿ ವಸತಿಗೊಂದು ಬಣ್ಣ, ಅಂಗಡಿಗೊಂದು, ಕೃಷಿಗೊಂದು. ಜನ ನೋಡುವುದು ಬಣ್ಣ ಮಾತ್ರ. ನಿಜವಾದ ಆಟ ಜೊತೆಗಿರುವ ವಲಯ ನಿಯಮಾವಳಿಯಲ್ಲಿದೆ: ಸೈಟಿನ ಸುತ್ತ ಎಷ್ಟು ಬಿಡಬೇಕು, ಎಷ್ಟು ಅಗಲದ ರಸ್ತೆ ಬೇಕು, ಎಷ್ಟು ಕಾರು ನಿಲ್ಲಬೇಕು, ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಎಫ್‌ಎಆರ್ ಎಷ್ಟು. ಎಫ್‌ಎಆರ್ 1.5 ಎಂದರೆ 1200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 1800 ಚದರಡಿ ಕಟ್ಟಬಹುದು.

2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿಯೊಂದು ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕೊರತೆ ಬಡವರದ್ದು ಮತ್ತು ಕಡಿಮೆ ಆದಾಯದವರದ್ದು. ಹೊರದೇಶಗಳಲ್ಲಿ ನಿಯಮ ಸಡಿಲಿಸಿ ನೋಡಿದ್ದಾರೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ಭೂಮಿಯ ಸುಮಾರು ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಹೆಚ್ಚು ಮನೆ ಕಟ್ಟಲು ಬಿಟ್ಟಿತು, ಆಮೇಲೆ ಪರವಾನಗಿಗಳು ಸರಸರ ಏರಿದವು. ಅಮೆರಿಕದ ಮಿನ್ನಿಯಾಪೊಲಿಸ್ "ಒಂದು ಜಾಗಕ್ಕೆ ಒಂದೇ ಮನೆ" ಎನ್ನುವ ವಲಯವನ್ನೇ ತೆಗೆದು 2020ರಿಂದ ಮೂರು ಮನೆವರೆಗೆ ಅವಕಾಶ ಕೊಟ್ಟಿತು. ಹ್ಯೂಸ್ಟನ್ 1998ರಲ್ಲಿ ನಗರದ ಒಳಭಾಗದಲ್ಲಿ ಕನಿಷ್ಠ ಸೈಟನ್ನು 5000 ಚದರಡಿಯಿಂದ 1400ಕ್ಕೆ ಇಳಿಸಿತು.

ಕರಾವಳಿಯ ಸಣ್ಣ ಊರುಗಳ ಬಗ್ಗೆ ಟಿಪ್ಪಣಿ ಬರೆಯುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಕರಡಿನ ಮೊದಲ ಶಿಫಾರಸು, ಎಫ್‌ಎಆರ್ ಏರಿಸಿ. ಕಾರವಾರದಲ್ಲಿ ಒಂದು ಕಡೆ ಕಡಲು, ಒಂದು ಕಡೆ ಗುಡ್ಡ, ಬಡಗಲ್ಲಿ ಕಾಳಿ ನದಿ, ತೆಂಕಲ್ಲಿ ನೌಕಾನೆಲೆ. ಜಾಗ ಇಲ್ಲ, ಹಾಗಾಗಿ ಮೇಲಕ್ಕೆ ಹೋಗಿ ಅಂತ. ಬರೆದ ಮೇಲೆ ಯಾಕೋ ಸಮಾಧಾನ ಇಲ್ಲ. ನಿಮ್ಮ ಮನೆ ಎಲ್ಲಿ, ಯಾವ ಕಾಗದಕ್ಕೆ ಸಿಕ್ಕಿಬಿತ್ತು, ಹೇಳಿ.

ಮಸಾಲೆಶೇಂಗಾ

1400 ಚದರಡಿ ಅವರ ಲೆಕ್ಕದಲ್ಲಿ ಸಣ್ಣ ಸೈಟಾ! ನಮ್ಮಲ್ಲಿ 30-40 ಇದ್ದವನಿಗೆ ಹುಡುಗಿ ಕೊಡ್ತಾರೆ ಮಾರಾಯ.

ಹಳೇಚೈನು

ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಜಿಲ್ಲೆ ಸುತ್ತಿದವ ನಾನು. ಈಗ ನಿವೃತ್ತ.

ತಮ್ಮಾ, ಒಂದು ಸಂಜೆ ಕಾಜೂಬಾಗದಿಂದ ನಂದನಗದ್ದೆಗೆ ನಡೆದುಕೊಂಡು ಹೋಗು. ಎಡಬಲ ನೋಡುತ್ತ ಮಹಡಿ ಎಣಿಸು. ಬಹುಪಾಲು ನೆಲಮನೆ, ಇಲ್ಲದಿದ್ದರೆ ಮೇಲೊಂದು. ಈಗ ಕೊಟ್ಟಿರುವ ಎಫ್‌ಎಆರ್ ಅನ್ನೇ ಜನ ಉಂಡು ಮುಗಿಸಿಲ್ಲ, ನೀನು ಇನ್ನೂ ದೊಡ್ಡ ಬಾಳೆಎಲೆ ಹಾಸಲಿಕ್ಕೆ ಹೊರಟಿದ್ದೀ. ಏರಿಸಿದರೆ ಲಾಭ ಹೆದ್ದಾರಿ ಬದಿಯ ನಾಲ್ಕು ಲಾಡ್ಜಿನವರಿಗೆ.

ಸಣ್ಣವನನ್ನು ಕಟ್ಟಿಹಾಕುವುದು ಸೈಟಿನ ಸುತ್ತ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್. ಲೆಕ್ಕ ಹಾಕಿ ತೋರಿಸುತ್ತೇನೆ. ನಾಲ್ಕೂ ಬದಿ ಒಂದೊಂದು ಮೀಟರ್ ಬಿಡಬೇಕು ಎಂದಿಟ್ಟುಕೋ. 30-40 ಸೈಟಿನಲ್ಲಿ 1200 ಚದರಡಿಗೆ ಸುಮಾರು 784 ಉಳಿಯುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಅದೇ 20-30 ಸೈಟಿನಲ್ಲಿ? 600ಕ್ಕೆ 315. ಹತ್ತಿರತ್ತಿರ ಅರ್ಧ. ಬಡವನ ಸೈಟು ಚಿಕ್ಕದಾದಷ್ಟೂ ಅದೇ ಒಂದು ಮೀಟರ್ ಹೆಚ್ಚು ತಿನ್ನುತ್ತದೆ. ಉದ್ದದ ಎರಡು ಬದಿ ಪಕ್ಕದವರ ಗೋಡೆಗೆ ಗೋಡೆ ಸೇರಿಸಲು ಬಿಟ್ಟರೆ 315 ಇದ್ದದ್ದು 469 ಆಗುತ್ತದೆ. ಒಂದು ಕೋಣೆ, ಒಂದು ಬಚ್ಚಲು ಸಿಕ್ಕಿತು. ಸರ್ಕಾರಕ್ಕೆ ಖರ್ಚು ಸೊನ್ನೆ.

ಗೋಕರ್ಣದ ರಥಬೀದಿ ನೋಡಿದ್ದೀಯಲ್ಲ. ಗೋಡೆಗೆ ಗೋಡೆ ತಾಗಿಸಿ, ಜಗುಲಿ ಬೀದಿಗೇ ತಂದಿಟ್ಟು ಕಟ್ಟಿದ ಮನೆಗಳು. ಇವತ್ತು ಆ ಬೀದಿಯ ನಕ್ಷೆ ಬರೆದು ಹೊಸದಾಗಿ ಅರ್ಜಿ ಹಾಕು, ಒಂದು ಮನೆಗೂ ಪರವಾನಗಿ ಸಿಗಲಿಕ್ಕಿಲ್ಲ.

ರಸ್ತೆಯದ್ದು ಇನ್ನೊಂದು ಕತೆ. ಬಡಾವಣೆ ಅಂದರೆ ಮೂವತ್ತಡಿ ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಬಿಡಬೇಕು. ಹತ್ತೆಕರೆ ಇದ್ದವ ಬಿಟ್ಟಾನು. ತೆಂಗಿನ ಹಿತ್ತಲಿನ ಆರು ಗುಂಟೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಮೂವತ್ತಡಿ ಎಲ್ಲಿಂದ ತರಬೇಕು? ಇರುವುದು ಎಂಟಡಿ ಓಣಿ, ಎರಡು ಬದಿ ಕಲ್ಲಿನ ಪಾಗಾರ. ಆಗ ಜಮೀನು ಪಾಲು ಮಾಡುವ 11ಇ ಸರ್ವೆ ನಕ್ಷೆ ಮಾಡಿಸಿ ಪಾಲುಪಟ್ಟಿ ನೋಂದಾಯಿಸಿಕೊಳ್ಳುತ್ತಾರೆ, ಪರವಾನಗಿಯ ಗೋಜಿಗೆ ಹೋಗದೆ ಕಟ್ಟಿಬಿಡುತ್ತಾರೆ. ಆಮೇಲೆ ಅಕ್ರಮ-ಸಕ್ರಮಕ್ಕೆ ಕಾಯುತ್ತಾರೆ. ಅದು ಸುಪ್ರೀಂ ಕೋರ್ಟಿನಲ್ಲಿ 2017ರಲ್ಲಿ ತಡೆಯಾಯಿತು.

ಚಿರೇಕಲ್ಲು

ಕುಮಟಾದಲ್ಲಿ ಮನೆ ಕಟ್ಟಿಸುವ ಕಾಂಟ್ರಾಕ್ಟು ನನ್ನದು. ಹಳೇಚೈನು ಹೇಳಿದ್ದು ಕಾಗದದ ಮೇಲೆ ಸರಿ. ಆದರೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಗೋಡೆಗೆ ಗೋಡೆ ತಾಗಿಸಿದರೆ ಮಾಡಿನ ನೀರು ಯಾರ ಅಂಗಳಕ್ಕೆ? ನಮ್ಮ ಕಡೆ ಅರ್ಧ ಜಗಳ ಅದೇ. ಚಿರೇಕಲ್ಲಿನ ಗೋಡೆಗೆ ಸೂರು ಎರಡಡಿಯಾದರೂ ಮುಂದೆ ಬರದಿದ್ದರೆ ಆಗಸ್ಟಿನೊಳಗೆ ಒಳಗೋಡೆ ಹಸಿರು. ಸೆಟ್‌ಬ್ಯಾಕ್ ಬರೆದವರು ಗಾಳಿ-ಬೆಳಕು ಅಂತ ಬರೆದಿರಬಹುದು, ಇಲ್ಲಿ ಅದು ಉಳಿದದ್ದು ಸೂರಿನ ನೀರಿಗಾಗಿ.

ಹಳೇಚೈನು

ರಥಬೀದಿಯವರು ಅದಕ್ಕೆ ಉತ್ತರ ಕೊಟ್ಟಿದ್ದಾರಲ್ಲ. ಮಾಡಿನ ಇಳಿಜಾರು ಬೀದಿಗೆ ಮತ್ತು ಹಿತ್ತಲಿಗೆ, ಪಕ್ಕದ ಮನೆಗೆ ಹನಿ ನೀರಿಲ್ಲ. ನಿಯಮ ಬರೆಯುವುದಾದರೆ ಹೀಗೆ ಬರೆಯಿರಿ: ಪಕ್ಕಕ್ಕೆ ಬಿಡಬೇಡ, ಆದರೆ ನೀರು ಮುಂದಕ್ಕೂ ಹಿಂದಕ್ಕೂ ಇಳಿಯಬೇಕು.

ಚಿರೇಕಲ್ಲು

ಅದಾದರೆ ನನ್ನ ತಕರಾರಿಲ್ಲ. ನಡುಗೋಡೆ ಒಂದೇ ಆದರೆ ಕಲ್ಲಿನ ಖರ್ಚೂ ಉಳೀತದೆ. ಆದರೆ ಹಂಚಿಕೊಂಡ ಗೋಡೆಗೆ ಅಣ್ಣತಮ್ಮ ಇಬ್ಬರೂ ಸಹಿ ಹಾಕಬೇಕಲ್ಲ, ಅದು ನಿಮ್ಮ ಸಂಶೋಧನೆಯಲ್ಲಿ ಬರೂದಿಲ್ಲ.

ಪಾತಿದೋಣಿ

ನಮ್ಮದು ಅಂಕೋಲಾ ತಾಲೂಕಿನ ಕಡಲಂಚಿನ ಪಂಚಾಯತಿ. ಮಾಸ್ಟರ್ ಪ್ಲಾನ್ ಅಲ್ಲ, ನಮಗೆ ಅಪ್ಪ-ಅಮ್ಮ ಎರಡೂ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್.

1991ರಲ್ಲಿ ಮೊದಲ ಅಧಿಸೂಚನೆ, 2011ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. ಹಳ್ಳಿ ಕರಾವಳಿಯಲ್ಲಿ ಭರತರೇಖೆಯಿಂದ (ಭರತದ ನೀರು ಮುಟ್ಟುವ ಗೆರೆ) 200 ಮೀಟರ್ ಕಟ್ಟಡ ನಿಷೇಧ ವಲಯ. ನೂರರಿಂದ ಇನ್ನೂರು ಮೀಟರ್ ನಡುವೆ ಮೀನುಗಾರರ ಮನೆಗೆ ಅವಕಾಶ ಉಂಟು. ನಮ್ಮಜ್ಜ ಮನೆ ಕಟ್ಟುವಾಗ ಟೇಪು ಹಿಡಿದಿರಲಿಲ್ಲ, ಅರವತ್ತು ಮೀಟರಿನಲ್ಲಿ ಕಟ್ಟಿಬಿಟ್ಟ. ದೋಣಿ ಕಾಣಬೇಕಿತ್ತು ಅವನಿಗೆ. ಈಗ ಅದನ್ನು ರಿಪೇರಿ ಮಾಡಬಹುದು, ಮತ್ತೆ ಕಟ್ಟಬಹುದು, ಆದರೆ ತಳಪಾಯ ಇದ್ದಷ್ಟೇ, ನಿಮ್ಮ ಎಫ್‌ಎಆರ್‌ನ ಇನ್ನೊಂದು ಹೆಸರಾದ ಎಫ್‌ಎಸ್‌ಐ ಇದ್ದಷ್ಟೇ, ಸಾಂದ್ರತೆ ಇದ್ದಷ್ಟೇ. ಅದೂ ಮನೆ ಅಧಿಕೃತ ಆಗಿದ್ದರೆ. ಆ ಇದ್ದಷ್ಟೇ ಮನೆಯಲ್ಲಿ ಇವತ್ತು ಮೂರು ಒಲೆ ಉರೀತಾವೆ. ದೊಡ್ಡಣ್ಣನ ಸಂಸಾರ ಚಾವಡಿಯಲ್ಲಿ, ಬಲೆ ಇಡುತ್ತಿದ್ದ ಕೋಣೆಯಲ್ಲಿ ನಾವು.

2019ರದ್ದು ಒಂದು ದಾರಿ ತೆಗೆಯಿತು. ಚದರ ಕಿಲೋಮೀಟರಿಗೆ 2161 ಜನಕ್ಕಿಂತ ಹೆಚ್ಚಿದ್ದರೆ ನಿಷೇಧ ವಲಯ 50 ಮೀಟರಿಗೆ ಇಳಿಸಬಹುದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸರಾಸರಿ 140. ಊರಿನ ವಿಸ್ತೀರ್ಣಕ್ಕೆ ಹಿಂದಿನ ಗುಡ್ಡ, ಕಾಡು ಎಲ್ಲ ಸೇರಿಸಿ ಭಾಗಿಸಿದರೆ ಜನ ಎಲ್ಲಿ ಸಿಗಬೇಕು? ಗುಡ್ಡದಲ್ಲಿ ಇರೋದು ಮಂಗ. ಜನ ಇರೋದು ಹೆದ್ದಾರಿಗೂ ಹೊಯ್ಗೆಗೂ ನಡುವಿನ ಪಟ್ಟಿಯಲ್ಲಿ, ಒಬ್ಬರ ಮನೆಯ ಮೀನುಸಾರು ಇನ್ನೊಬ್ಬರಿಗೆ ವಾಸನೆ ಬರೂ ಹಾಗೆ. ನಿನ್ನ ಟಿಪ್ಪಣಿಯಲ್ಲಿ ಒಂದೇ ಸಾಲು ಬರೆಯುವುದಾದರೆ ಇದನ್ನು ಬರಿ: ಸಾಂದ್ರತೆ ಅಳೆಯುವಾಗ ಮನೆ ಕಟ್ಟಲಾಗದ ಗುಡ್ಡವನ್ನು ಕಳೆದು ಅಳೆಯಬೇಕು.

ಇನ್ನೂ ಒಂದು. ಅದೇ 2019ರ ಅಧಿಸೂಚನೆಯಲ್ಲಿ ಪ್ರವಾಸಿಗರ ತಾತ್ಕಾಲಿಕ ಶೆಡ್ಡಿಗೆ ಭರತರೇಖೆಯಿಂದ 10 ಮೀಟರ್ ದೂರ ಸಾಕು. ನಮ್ಮ ತಮ್ಮನ ಮದುವೆಗೆ ಒಂದು ಕೋಣೆ ಹೆಚ್ಚಿಸಲಿಕ್ಕೆ ಆಗೂದಿಲ್ಲ.

ಮಳೆಗಾಲ

ಪಾತಿದೋಣಿಯವರ ಸಂಕಟ ಅರ್ಥವಾಗುತ್ತದೆ, ಆದರೆ ಕಡಲು ಕೊರೆಯುವ ಜಾಗದಲ್ಲಿ ತಳಪಾಯ ಹೆಚ್ಚಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಯೇ ಗುಡ್ಡದ ಬುಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ಕಣ್ಣಮುಂದಿದೆ. ಎಲ್ಲ ನಿಯಮವನ್ನೂ "ಅಡ್ಡಿ" ಎಂಬ ಒಂದೇ ಚೀಲಕ್ಕೆ ತುಂಬಬೇಡಿ. ಇಳಿಜಾರು, ಹಳ್ಳದ ಪಾತ್ರ, ಗಜನಿ ಭೂಮಿ, ಇವುಗಳಿಗೆ ಈಗಿರುವುದಕ್ಕಿಂತ ಬಿಗಿ ಬೇಕು. ಅಘನಾಶಿನಿ ದಡದ ಗಜನಿ ಉಪ್ಪುನೀರಲ್ಲೂ ಕಗ್ಗ ಭತ್ತ ಬೆಳೆಯುವ ನೆಲ. ನೆರೆ ಬಂದಾಗ ನೀರಿಗೆ ನಿಲ್ಲಲು ಅದೇ ಜಾಗ. ಅದಕ್ಕೆ ಮಣ್ಣು ತುಂಬಿಸಿ "ಅಗ್ಗದ ಸೈಟು" ಮಾಡಿದರೆ ಕೊಂಡ ಬಡವನ ಮನೆಗೇ ನೀರು.

ಪಾತಿದೋಣಿ

ನಾನು ಕಡಲಿಗೆ ಹತ್ತಿರ ಕೊಡಿ ಅಂದಿಲ್ಲ. ಅರವತ್ತು ಮೀಟರಿನದ್ದು ಬೇಡ, ಬಿಡಿ. ಹೆದ್ದಾರಿಯ ಆಚೆ ಐದು ಗುಂಟೆ ತಗೊಂಡರೆ ಅಲ್ಲಿ ಕೃಷಿಭೂಮಿ ಪರಿವರ್ತನೆ, ರಸ್ತೆ ಅಗಲ, ಬಡಾವಣೆ ಮಂಜೂರಿ ಅಂತಾರೆ. ಕಡಲು ತಳ್ತದೆ, ಗುಡ್ಡ ಬಿಡೂದಿಲ್ಲ. ನಡುವೆ ನಿಂತವ ಎಲ್ಲಿಗೆ ಹೋಗಬೇಕು?

ಮಳೆಗಾಲ

ಒಪ್ಪಿದೆ. ಅಪಾಯದ ಜಾಗದಲ್ಲಿ "ಇಲ್ಲ" ಎಂದವರು ಸುರಕ್ಷಿತ ಜಾಗದಲ್ಲಿ "ಹೌದು" ಎನ್ನಲೇಬೇಕು. ಈಗ ಎರಡೂ ಕಡೆ ಇಲ್ಲ.

ಸೊಪ್ಪಿನಬೆಟ್ಟ

ಶಿರಸಿಯಿಂದ. ನಮ್ಮಲ್ಲಿ ಕಡಲಿಲ್ಲ, ಆದರೂ ಅದೇ ಕತೆ ಬೇರೆ ಬಣ್ಣದಲ್ಲಿ ಇದ್ದು.

ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ. ಕೇಳಿದವರಿಗೆ ನಾವು ಜಮೀನ್ದಾರರು. ಬೆಟ್ಟದಲ್ಲಿ ಸೊಪ್ಪು, ದರಕು ತರಬಹುದು, ಮನೆ ಕಟ್ಟುವ ಹಾಗಿಲ್ಲ, ಅದು ಕಾಡು. ತೋಟ ಕೆಳಗೆ ಜೌಗಿನಲ್ಲಿ, ಅಲ್ಲಿ ಕಟ್ಟಿದರೆ ಅಡಿಕೆಯೂ ಹೋತು, ಗೋಡೆಯೂ ಹೋತು. ನಡುವೆ ಉಳಿಯುವುದು ಅಜ್ಜನ ಅಂಗಳ. ಅದರಲ್ಲೇ ಹಿಸೆ ಆಗವು. ಜಿಲ್ಲೆಯ ಮುಕ್ಕಾಲಕ್ಕೂ ಹೆಚ್ಚು ಅರಣ್ಯ ಹೇಳುವ ಮಾತಿನ ಅರ್ಥ ಇದು.

ಇನ್ನು ಮಾಲ್ಕಿ ಜಾಗದಲ್ಲೇ ಇರುವ ಹಳೆ ಮನೆ. 2013ರಲ್ಲಿ ಪಂಚಾಯತಿ ಆಸ್ತಿಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಇ-ಸ್ವತ್ತು ಬಂತು. ಅದರ ಆಸ್ತಿ ಪತ್ರವಾದ ನಮೂನೆ 9 ಬೇಕಾದರೆ ಮನೆ ಗ್ರಾಮಠಾಣಾದೊಳಗೆ ಇರಬೇಕು, ಇಲ್ಲವೇ ಭೂಪರಿವರ್ತನೆ ಆಗಿರಬೇಕು. ಗ್ರಾಮಠಾಣಾ ಬಯಲುಸೀಮೆಯ ಶಬ್ದ. ಅಲ್ಲಿ ಊರು ಅಂದರೆ ನೂರು ಮನೆ ಒತ್ತಾಗಿ ಕೂತಿರುತ್ತವೆ, ಸುತ್ತ ಹೊಲ. ನಮ್ಮಲ್ಲಿ ಒಂದು ಮನೆಯ ದೀಪ ಇನ್ನೊಂದಕ್ಕೆ ಕಾಣ್ತಿಲ್ಲೆ. ನಾಲ್ಕು ತಲೆಮಾರು ವಾಸ ಮಾಡಿದ ಮನೆ ದಾಖಲೆಯಲ್ಲಿ ಗದ್ದೆ! ಬ್ಯಾಂಕಿಗೆ ಹೋದರೆ ಸಾಲ ಇಲ್ಲ, ವಸತಿ ಯೋಜನೆಗೆ ಹೋದರೆ ನಿವೇಶನದ ಕಾಗದ ಕೇಳುತ್ತಾರೆ.

ಅರಣ್ಯ ಜಾಗದಲ್ಲಿ ಮನೆ ಕಟ್ಟಿಕೊಂಡವರದ್ದು ಇನ್ನೂ ಕಷ್ಟ. ಸರ್ಕಾರಿ ಜಾಗದ ಮನೆ ಸಕ್ರಮ ಮಾಡುವ 94ಸಿ ಕಲಮಿನಲ್ಲಿ ಅವರದ್ದು ಬರುವುದಿಲ್ಲ. 2006ರ ಅರಣ್ಯಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಯಾವ ಕೂಲಿಯವನ ಹತ್ತಿರ 75 ವರ್ಷದ ಕಾಗದ ಇರುತ್ತದೆ? ಗೇಣಿ ಹೋರಾಟದಲ್ಲಿ ದಿನಕರ ದೇಸಾಯಿಯವರು ಉಳುವವನ ಪರ ನಿಂತರು, ಉಳುಮೆಗೆ ಹಕ್ಕು ಬಂತು. ಇರುವವನ ಹಕ್ಕು ಇನ್ನೂ ಅರ್ಜಿಯಲ್ಲೇ ಇದ್ದು.

ಶಿರಸಿ ಪೇಟೆಯ ಬಗ್ಗೆ ಕೇಳಬೇಡಿ. ಅಡಿಕೆ ದರ ಏರಿದ ವರ್ಷ ಎಲ್ಲರೂ ಸೈಟು ತೆಗೆದರು. ಮಕ್ಕಳು ಬೆಂಗಳೂರಿನಲ್ಲಿ, ಸೈಟಿನಲ್ಲಿ ಕಮ್ಯುನಿಸ್ಟ್ ಕಳೆಗಿಡ.

ಡ್ಯೂಟಿನರ್ಸು

ಇಷ್ಟೊತ್ತೂ ಎಲ್ಲರೂ ಸೈಟು, ಸೈಟು ಅಂತಿದ್ದೀರಿ. ನಂಗೆ ಸೈಟು ಬೇಡ. ಬಾಗಿಲು ಒಳಗಿಂದ ಚಿಲಕ ಹಾಕಿಕೊಳ್ಳೋ ಒಂದು ಕೋಣೆ, ಒಂದು ಬಚ್ಚಲು ಬೇಕು. ಕಾರವಾರದಲ್ಲಿ ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದೆ. ಮನೆಯವರಿಗೆ ನೇವಿಯವರು, ಕೈಗಾ ಅಣುಸ್ಥಾವರದವರು ಬೇಕು, ಬಾಡಿಗೆ ಭತ್ಯೆ ಖಾತ್ರಿ. ಒಂಟಿ ಹೆಣ್ಣು, ರಾತ್ರಿ ಪಾಳಿ ಅಂದರೆ "ನಮ್ಮನೆಯವರನ್ನ ಕೇಳಿ ಹೇಳ್ತೇನೆ".

ನಾನು ಈಗ ಇರೋದು ಒಬ್ಬರ ಹಿತ್ತಲಿನ ಹೊರಮನೆಯಲ್ಲಿ. ಮೊದಲು ಕಟ್ಟಿಗೆ ಕೊಟ್ಟಿಗೆ ಆಗಿತ್ತು. ಇದಕ್ಕೆ ಮನೆ ನಂಬರ್ ಇಲ್ಲ, ಬೇರೆ ಮೀಟರ್ ಇಲ್ಲ, ಬಾಡಿಗೆ ಕರಾರಿನಲ್ಲಿ ಮುಂದಿನ ಮನೆ ವಿಳಾಸ. ಅವರ ತಪ್ಪೂ ಅಲ್ಲ, ಎರಡನೇ ಮನೆ ಅಂತ ತೋರಿಸಿದರೆ ಪರವಾನಗಿ, ಪಾರ್ಕಿಂಗ್ ಎಲ್ಲ ಬರ್ತದೆ ಅಂತ ಹೆದರಿಕೆ. ಆದರೆ ಸತ್ಯ ಏನಂದರೆ ಈ ಊರಿನ ಅಗ್ಗದ ಮನೆಗಳೆಲ್ಲ ಇಂಥ ಕೊಟ್ಟಿಗೆಗಳೇ. ಮಿನ್ನಿಯಾಪೊಲಿಸ್‌ನವರು ಒಂದು ಜಾಗಕ್ಕೆ ಮೂರು ಮನೆ ಬಿಟ್ಟರು ಅಂದಿರಲ್ಲ, ಕಾರವಾರದವರು ಯಾರನ್ನೂ ಕೇಳದೆ ಯಾವತ್ತೋ ಬಿಟ್ಟಿದ್ದಾರೆ. ಕಾಗದ ಮಾತ್ರ ಇಲ್ಲ.

ತೋಡೂರು_ಕಾಲೋನಿ

ನರ್ಸಕ್ಕ ಹೇಳಿದ್ದಕ್ಕೆ ಸೇರಿಸ್ತೆ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರು ನಾವು. 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ. ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದವು. ಪುನರ್ವಸತಿ ಸೈಟು ಕೊಡುವಾಗ ಕುಟುಂಬ ಅಂದರೆ ಅಪ್ಪ, ಅವ್ವ, ಸಣ್ಣ ಮಕ್ಕಳು. ಆ ಸಣ್ಣ ಮಕ್ಕಳಿಗೆ ಈಗ ಮಕ್ಕಳು. ಊರಲ್ಲಿ ಇದ್ದಿದ್ದರೆ ಹಿತ್ತಲಲ್ಲಿ ಇನ್ನೊಂದು ಮಾಡು ಎಬ್ಬಿಸ್ತಿದ್ದರು. ಕಾಲೋನಿಯಲ್ಲಿ ಹಿತ್ತಲು ಎಲ್ಲುಂಟು? ಮೇಲೆ ಕಟ್ಟೂದು ಒಂದೇ ದಾರಿ. ಹಾಗಾಗಿ ಎಫ್‌ಎಆರ್ ಪೂರಾ ಬೇಡ ಅನ್ಬೇಡಿ, ನಮ್ಮಂಥ ಕಾಲೋನಿಗೆ ಬೇಕು. ಹೊರಗಿನಿಂದ ಮೆಟ್ಟಿಲು ಇಟ್ಟು, ಮೇಲಿನದಕ್ಕೆ ಬೇರೆ ಖಾತೆ ಆಗುವ ಹಾಗೆ.

ಬಿಎ_ಫೈನಲ್

ವಿಷಯಾಂತರ, ಕ್ಷಮಿಸಿ. ಕಾಳಿದಂಡೆ ಅಣ್ಣ, ಈ ಕೆಲಸಕ್ಕೆ ಎಂತ ಓದಬೇಕು? ನಾನು ಹೊನ್ನಾವರದಲ್ಲಿ ಅರ್ಥಶಾಸ್ತ್ರ ಓದ್ತಾ ಇದ್ದೆ. ಇಂಗ್ಲಿಷ್ ಅಷ್ಟಕ್ಕಷ್ಟೆ.

ಕಾಳಿದಂಡೆ

@ಬಿಎ_ಫೈನಲ್: ನಮ್ಮಲ್ಲಿ ಅರ್ಥಶಾಸ್ತ್ರ, ಕಾನೂನು, ಭೂಗೋಳ, ನಗರ ಯೋಜನೆ ಎಲ್ಲ ಓದಿದವರೂ ಇದ್ದಾರೆ. ವರದಿ ಇಂಗ್ಲಿಷಿನಲ್ಲೇ ಬರೆಯಬೇಕು, ಸುಳ್ಳು ಹೇಳಲ್ಲ. ಆದರೆ ಪಹಣಿ, ಆಕಾರಬಂದ್, ಟಿಪ್ಪಣಿ ಎಂಬ ಜಮೀನು ದಾಖಲೆ ಓದಲು ಬರುವವರು ಆಫೀಸಿನಲ್ಲಿ ಕಡಿಮೆ. ನನಗೆ ಕೆಲಸ ಸಿಕ್ಕಿದ್ದೇ ಅದರಿಂದ ಎಂದು ನನ್ನ ನಂಬಿಕೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ, ಕಲಿ. ಫೋನಿಗೆ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಾಕಿಕೊಂಡು ನಿನ್ನ ಊರಿನ ಸರ್ವೆ ನಂಬರಿನ ಮೇಲೆ ನಿಂತು ನೋಡು, ಕಾಗದ ಏನು ಹೇಳುತ್ತದೆ, ನೆಲದಲ್ಲಿ ಏನಿದೆ ಅಂತ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆಯುವುದು ಕಲಿ. ದಿನದ ಹೆಚ್ಚು ಹೊತ್ತು ಹೋಗುವುದು ಹಳೆ ಗೆಜೆಟ್ಟಿನ ಮಸುಕು ಪ್ರತಿ ಓದುವುದರಲ್ಲಿ. ಸಂಬಳ ಸಾಫ್ಟ್‌ವೇರಿನವರಷ್ಟು ಇಲ್ಲ.

ಉಳಿದವರಿಗೆ: ರಾತ್ರಿ ಕೂತು ಕರಡು ಮತ್ತೆ ಓದಿದೆ. ನನ್ನ ಮೊದಲ ಶಿಫಾರಸನ್ನು ಕೆಳಗೆ ತಳ್ಳಿದ್ದೇನೆ, ಕಾಲೋನಿಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ. ಈಗ ಮೇಲೆ ಬಂದದ್ದು ಹಿತ್ತಲಿನ ಎರಡನೇ ಮನೆ. ಅದಕ್ಕೆ ನಂಬರ್, ಮೀಟರ್, ಕರಾರು. ಆಮೇಲೆ ಸಣ್ಣ ಸೈಟಿನ ಪಕ್ಕದ ಸೆಟ್‌ಬ್ಯಾಕ್, ಚಿರೇಕಲ್ಲು ಹೇಳಿದ ನೀರಿನ ಷರತ್ತಿನೊಂದಿಗೆ. ಪಾರ್ಕಿಂಗ್ ಬಗ್ಗೆ ಒಂದು ಲೆಕ್ಕ ಸಿಕ್ಕಿತು: 2016ರ ಕೇಂದ್ರದ ಮಾದರಿ ಕಟ್ಟಡ ಉಪವಿಧಿಯಲ್ಲಿ ಬಯಲಿನಲ್ಲಿ ಒಂದು ಕಾರಿಗೆ 23 ಚದರ ಮೀಟರ್. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಇಡೀ ಮನೆಗೆ 30. ಸ್ಕೂಟರ್ ಕೂಡ ಇಲ್ಲದ ನಾಲ್ಕು ಬಾಡಿಗೆದಾರರಿಗೆ ನಾಲ್ಕು ಕಾರಿನ ಜಾಗ ಬಿಡಿ ಅಂದರೆ, ಮೂರು ಮನೆಯಷ್ಟು ನೆಲ ಕಾರಿಗೇ ಹೋಯಿತು.

@ಸೊಪ್ಪಿನಬೆಟ್ಟ: ಗ್ರಾಮಠಾಣಾದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಚದುರಿದ ಮನೆಗಳ ಊರಿಗೆ ಬೇರೆ ವ್ಯಾಖ್ಯೆ ಬೇಕು ಎಂದು ಒಂದು ಅಧ್ಯಾಯ ಸೇರಿಸಬೇಕು. ನಮ್ಮ ಮೇಲಿನವರು "ಇದು ವಲಯ ನಿಯಮ ಅಲ್ಲ, ಕಂದಾಯದ ವಿಷಯ" ಅನ್ನಬಹುದು.

ಸೊಪ್ಪಿನಬೆಟ್ಟ

ಅನ್ನಲಿ. ಮನೆ ಕಟ್ಟುವವನಿಗೆ ಎರಡೂ ಒಂದೇ ಕಚೇರಿಯ ಮೆಟ್ಟಿಲು.

ಮಸಾಲೆಶೇಂಗಾ

ಒಂದೇ ಅಲ್ಲ. ನಾಲ್ಕು ಕಚೇರಿ, ನಾಲ್ಕೂ ಮೊದಲ ಮಹಡಿ.

ಡ್ಯೂಟಿನರ್ಸು

ಹೊರಮನೆಗೆ ನಂಬರ್ ಕೊಟ್ಟರೆ ತೆರಿಗೆ ಏರ್ತದೆ, ತೆರಿಗೆ ಏರಿದರೆ ನನ್ನ ಬಾಡಿಗೆ ಏರ್ತದೆ. ಅದನ್ನೂ ಲೆಕ್ಕ ಹಾಕಿ.

ಕಾಳಿದಂಡೆ

ಹಾಕಿಲ್ಲ. ನಿಜ ಹೇಳಿದಿರಿ. ಮೊದಲ ಕೆಲವು ವರ್ಷ ತೆರಿಗೆ ಏರಿಸಬಾರದು ಎಂದು ಬರೆಯಬಹುದು, ಆದರೆ ನಗರಸಭೆ ಯಾಕೆ ಒಪ್ಪಬೇಕು ಎಂಬುದಕ್ಕೆ ನನ್ನ ಹತ್ತಿರ ಈಗ ಉತ್ತರ ಇಲ್ಲ.

@ಹಳೇಚೈನು: ಮುಂದಿನ ಶನಿವಾರ ಊರಿಗೆ ಬರ್ತಿದ್ದೇನೆ. ಕೋಡಿಬಾಗದ ಎರಡು ಓಣಿಯ ಅಗಲ ಅಳೆಯಬೇಕು, ಹಿತ್ತಲ ಮನೆ ಎಷ್ಟಿವೆ ಎಣಿಸಬೇಕು. ಜೊತೆಗೆ ಬರ್ತೀರಾ?

ಹಳೇಚೈನು

ಬೆಳಿಗ್ಗೆ ಏಳಕ್ಕೆ ಬಾ. ಹತ್ತರ ಮೇಲೆ ಓಣಿಯಲ್ಲಿ ನಾಯಿ ಎದ್ದಿರ್ತಾವೆ. ಚೈನು ನನ್ನ ಹತ್ತಿರ ಇದೆ, ಛತ್ರಿ ನೀನೇ ತಾ.